ಪಿಂಚಣಿ ಇದ್ದವರಿಗೆ ಕೆಲಸವೇಕೆ?

ಪೊನ್ನಂಪೇಟೆ ಕಡೆಯ ಓದುಗರೊಬ್ಬರ ಪತ್ರ: “ಬಿ.ಕಾಂ. ಮುಗಿಸಿ ನಾಲ್ಕು ವರ್ಷವಾಯಿತು, ನನಗೀಗ 26. ನಮ್ಮೂರಿನ ಸಂಘವೊಂದರಲ್ಲಿ ಲೆಕ್ಕ ಬರೆಯಲು 61 ವರ್ಷದ ನಿವೃತ್ತರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ರೆಸಾರ್ಟಿನ ಗೇಟಿನಲ್ಲಿ ನಿವೃತ್ತ ಸೈನಿಕರು, ತೋಟದ ಸ್ಟೋರಿನಲ್ಲಿ ನಿವೃತ್ತ ರೈಟರು, ಅಂದರೆ ತೋಟದ ಮೇಲ್ವಿಚಾರಕ ಗುಮಾಸ್ತರು. ಪಿಂಚಣಿ ಪಡೆಯುವವರು ಮತ್ತೊಂದು ಕೆಲಸಕ್ಕೆ ಸೇರಬಾರದೆಂದು ಸರ್ಕಾರ ಏಕೆ ಕಾನೂನು ಮಾಡಬಾರದು?”

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ನಿಮ್ಮ ದುಂಡು ಅಕ್ಷರ ಕಂಡು, ಆ ಲೆಕ್ಕದ ಪುಸ್ತಕ ನಿಮ್ಮ ಕೈಗೇ ಬರಬಹುದಿತ್ತಲ್ಲ ಎನ್ನಿಸಿತು. ನಾಲ್ಕು ವರ್ಷ ಅರ್ಜಿ ಹಾಕಿ ಕಾದವರ ನೋವು ಸುಳ್ಳಲ್ಲ. ದೊಡ್ಡ ಹುದ್ದೆಯಿಂದ ಹಾರ ಹಾಕಿಸಿಕೊಂಡು ಹೋದವರು ಮಾರನೆಯ ವಾರವೇ ‘ಸಲಹೆಗಾರ’ರೆಂಬ ಹೆಸರಿನಲ್ಲಿ ಅದೇ ಕುರ್ಚಿಗೆ ಮರಳುವುದನ್ನು ನಾನೂ ಒಪ್ಪುವವನಲ್ಲ. ನಿಮ್ಮ ಪರವಾಗಿ ಹೇಳಲು ನನ್ನಲ್ಲಿರುವುದು ಇಷ್ಟೇ. ಉಳಿದದ್ದಕ್ಕೆ ನೀವು ಸ್ವಲ್ಪ ಬೈಸಿಕೊಳ್ಳಬೇಕು.

ಪಿಂಚಣಿಯೆಂದರೆ ಸಾಲಿನಿಂದ ಸರಿದು ನಿಲ್ಲುವುದಕ್ಕೆ ಕೊಡುವ ಹಣವೆಂದು ನೀವು ತಿಳಿದಂತಿದೆ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿಯು ಮಾಲೀಕನ ಮರ್ಜಿಗೆ ಬಿಟ್ಟ ಕೃಪೆಯಲ್ಲ, ಸಲ್ಲಿಸಿದ ಸೇವೆಯಿಂದ ಹುಟ್ಟಿದ ಹಕ್ಕು ಎಂದು ಸ್ಪಷ್ಟವಾಗಿ ಹೇಳಿತು. ಹೋದ ವರ್ಷ ಮಾರಿದ ಕರಿಮೆಣಸಿನ ಹಣ ಬ್ಯಾಂಕಿನಲ್ಲಿದೆಯೆಂಬ ಕಾರಣಕ್ಕೆ ಈ ವರ್ಷ ಬಳ್ಳಿಯಿಂದ ಮೆಣಸು ಕೊಯ್ಯಬೇಡಿರೆಂದು ನಿಮ್ಮ ತಂದೆಯವರಿಗೆ ಯಾರಾದರೂ ಹೇಳಿದರೆ ನೀವು ಸುಮ್ಮನಿರುವಿರಾ?

ಆ ಹಣವಾದರೂ ಎಷ್ಟು? ಖಾಸಗಿ ನೌಕರರಿಗೆಂದು 1995ರಲ್ಲಿ ಬಂದ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಲೆಕ್ಕ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರ ಸೆಪ್ಟೆಂಬರಿನಲ್ಲಿ ಸಂಬಳದ ಮಿತಿ 15,000 ರೂಪಾಯಿಗೆ ಏರಿತು. ಆ ಮಿತಿಯಲ್ಲಿ 35 ವರ್ಷ ದುಡಿದರೂ ಸೂತ್ರದ ಪ್ರಕಾರ ಸಿಗುವುದು ತಿಂಗಳಿಗೆ 7,500. ಅದೇ ತಿಂಗಳು ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿದರು. ಇದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಇನ್ನು ಸಣ್ಣ ತೋಟಗಳಿಗೆ, ಅಂದರೆ 20 ಜನ ಕೆಲಸಗಾರರಿಲ್ಲದ ಕಡೆಗೆ, ಭವಿಷ್ಯನಿಧಿಯ ಕಾಯ್ದೆ ಸಾಮಾನ್ಯವಾಗಿ ಹೋಗುವುದೇ ಇಲ್ಲ.

ಸಿದ್ದಾಪುರ ಕಡೆ ನನಗೊಬ್ಬ ರೈಟರು ಪರಿಚಿತರು, 63 ವರ್ಷ. ತೋಟದವರು ವಯಸ್ಸಾಯಿತೆಂದು ಅವರನ್ನು ಮನೆಗೆ ಕಳಿಸಿ, ಮುಂದಿನ ಕುಯಿಲಿಗೆ ದಿನಗೂಲಿಯ ಮೇಲೆ ಮತ್ತೆ ಕರೆಸಿಕೊಂಡರು. ಜನವರಿಯ ಒಂದು ಸಂಜೆ ಅವರೊಡನೆ ಕಣದಲ್ಲಿ ನಿಂತಿದ್ದೆ. ಒಣಹಾಕಿದ್ದ ರೊಬಸ್ಟಾ ಕಾಫಿಯ ಚೆರ್ರಿಯನ್ನು ಮುಷ್ಟಿ ತುಂಬ ಎತ್ತಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿ, ಗಲಗಲ ಸದ್ದಿಗೆ ಒಂದು ಕ್ಷಣ ಕಿವಿಗೊಟ್ಟು, “ಇನ್ನೂ ಎರಡು ಬಿಸಿಲು ಬೇಕು” ಎಂದರು. ಮೂಟೆ ಕಟ್ಟಲು ಬಂದಿದ್ದವರು ಮರುಮಾತಿಲ್ಲದೆ ಟಾರ್ಪಾಲು ಹೊದಿಸಿ ಹೋದರು. ಆ ಕಿವಿಗೆ ತೋಟ ಕೊಡುವುದು ಮೊದಲಿದ್ದ ಸಂಬಳದ ಅರ್ಧ. ರಜೆ ಇಲ್ಲ, ಭವಿಷ್ಯನಿಧಿ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಈ ಅರ್ಧ ಸಂಬಳದಲ್ಲೇ ಇದೆ. ಹಿರಿಯರ ಮೇಲಿನ ಗೌರವದಿಂದ ಇಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯುತ್ತಿಲ್ಲ. ಅರವತ್ತು ದಾಟಿದವರು ಬೇರೆಲ್ಲೂ ಕೇಳುವ ಹಾಗಿಲ್ಲ, ಆದ್ದರಿಂದ ಕೊಟ್ಟದ್ದಕ್ಕೆ ಒಪ್ಪುತ್ತಾರೆ ಎಂಬುದು ಮಾಲೀಕರಿಗೆ ಗೊತ್ತು. ವಯಸ್ಸಿನ ಹೆಸರಿನಲ್ಲಿ ಸಂಬಳ ಇಳಿಸಬಾರದೆಂಬ ಕಾನೂನಿದ್ದಿದ್ದರೆ ಅವರು ಅಷ್ಟು ಅಗ್ಗವಾಗುತ್ತಿರಲಿಲ್ಲ, ನೀವೂ ದುಬಾರಿಯಾಗಿ ಕಾಣುತ್ತಿರಲಿಲ್ಲ. ನೀವು ಕೇಳಬೇಕಾದ ಕಾನೂನು ಅದು. ಕೇಳಿದ್ದು ಅದರ ತದ್ವಿರುದ್ಧ.

ಸಂವಿಧಾನದ 16ನೆಯ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳ ಆಧಾರದ ಮೇಲೆ ಭೇದ ಕೂಡದೆನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಖಾಸಗಿಯವರನ್ನು ಈ ವಿಷಯದಲ್ಲಿ ತಡೆಯುವ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಅಮೆರಿಕ 1967ರಲ್ಲೇ 40 ತುಂಬಿದವರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಬ್ರಿಟನ್ 2006ರಲ್ಲಿ ನಿಯಮ ತಂದು, 65 ಆಯಿತೆಂಬ ಒಂದೇ ಕಾರಣಕ್ಕೆ ಮನೆಗೆ ಕಳಿಸುವ ಅವಕಾಶವನ್ನು 2011ರಲ್ಲಿ ತೆಗೆದುಹಾಕಿತು. ಅಲ್ಲಿನ ಕಾನೂನು ಎಲ್ಲ ವಯಸ್ಸಿನವರಿಗೂ ಅನ್ವಯಿಸುತ್ತದೆ. ‘ಇನ್ನೂ ಹುಡುಗ’ ಎಂದು ತಿರಸ್ಕರಿಸಿದರೆ 26ರವರೂ ದೂರು ಕೊಡಬಹುದು. ನಮ್ಮಲ್ಲಿ ಏರ್ ಇಂಡಿಯಾ ಗಗನಸಖಿಯರನ್ನು 35ಕ್ಕೇ ನಿವೃತ್ತಿಗೊಳಿಸುತ್ತಿತ್ತು. 45ರವರೆಗೆ ಮುಂದುವರಿಸುವುದು ವ್ಯವಸ್ಥಾಪಕ ನಿರ್ದೇಶಕರ ಮನಸ್ಸಿಗೆ ಬಿಟ್ಟದ್ದು. 1981ರಲ್ಲಿ ಸುಪ್ರೀಂ ಕೋರ್ಟು ಆ ಮನಸೋಇಚ್ಛೆಯನ್ನೂ, ಮೊದಲ ಬಸುರಿಗೇ ಕೆಲಸ ಕಳೆಯುವ ನಿಯಮವನ್ನೂ ರದ್ದು ಮಾಡಬೇಕಾಯಿತು.

ಗೇಟಿನಲ್ಲಿ ನಿಂತ ಸೈನಿಕರ ಮಾತು ನೀವು ಎತ್ತಬಾರದಿತ್ತು, ಅದೂ ಕೊಡಗಿನಲ್ಲಿ ಹುಟ್ಟಿ. 2022ಕ್ಕೆ ಮೊದಲು ಸೇನೆ ಸೇರಿದ ಜವಾನನಿಗೆ 15 ವರ್ಷದ ಸೇವೆಗೆ ಪಿಂಚಣಿ ಸಿಗುತ್ತದೆ. ಹದಿನೆಂಟಕ್ಕೆ ಸೇರಿದವರು ಎಷ್ಟೋ ಮಂದಿ ನಲವತ್ತರೊಳಗೆ ಟ್ರಂಕು ಹೊತ್ತು ಊರಿಗೆ ಬರುತ್ತಾರೆ, ಮಕ್ಕಳು ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಕೇಂದ್ರ ಸರ್ಕಾರ ತನ್ನ ನಾಗರಿಕ ಹುದ್ದೆಗಳಿಗೆ ಅವರ ವಯಸ್ಸು ಲೆಕ್ಕಹಾಕುವಾಗ ಸೇನೆಯ ವರ್ಷಗಳನ್ನೂ, ಮೇಲೆ ಮೂರು ವರ್ಷವನ್ನೂ ಕಳೆಯುತ್ತದೆ. ಖಾಸಗಿಯವರಿಗೆ ಅಂಥ ಹಂಗಿಲ್ಲ. ಮಡಿಕೇರಿಯ ಸನ್ನಿಸೈಡ್ ಮನೆಗೆ ನೀವು ಹೋಗಿದ್ದೀರೋ ಇಲ್ಲವೋ. ಅಲ್ಲಿ ಬೆಳೆದ ಜನರಲ್ ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದರು; 1964ರಲ್ಲಿ, 58ನೆಯ ವಯಸ್ಸಿನಲ್ಲಿ, ಸೈಪ್ರಸ್ಸಿನಲ್ಲಿದ್ದ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿ ಹೋಗಿ ಮರುವರ್ಷ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಅವರಿಗೂ ಪಿಂಚಣಿ ಇತ್ತು.

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಹೋದ ಸಂಚಿಕೆಯ ಕೊನೆಯ ಪುಟದಲ್ಲಿ ರೆಸಾರ್ಟೊಂದರ ಜಾಹೀರಾತಿತ್ತು: ಲೆಕ್ಕಿಗರು ಬೇಕು, 35 ವರ್ಷ ಮೀರಿರಬಾರದು. ಕರಡು ತಿದ್ದಿದವನು ನಾನೇ; ಆ ಸಾಲಿನಲ್ಲಿ ಒಂದು ಅಲ್ಪವಿರಾಮ ಸರಿಪಡಿಸಿ ಮುಂದೆ ಹೋಗಿದ್ದೆ. ನಿಮಗೂ ಆ ಸಾಲಿಗೂ ಇನ್ನು ಒಂಬತ್ತೇ ವರ್ಷದ ಅಂತರ. ಅದೇ ಜಾಹೀರಾತು ಈ ಸಲವೂ ಬಂದಿತ್ತು. ವಯಸ್ಸಿನ ಸಾಲನ್ನು ಹೊಡೆದುಹಾಕಿ ವಾಪಸು ಕಳಿಸಿದೆ. ಅವರು ಹಣ ಹಿಂದಿರುಗಿಸಿ ಎಂದಿದ್ದಾರೆ; ನಮ್ಮ ಜಾಹೀರಾತು ವಿಭಾಗದವರು ಎರಡು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ.

– ಸಂಪಾದಕ