ರಾಜಕಾಲುವೆ ಗೋಡೆ ಎರಡಡಿ ಏರಿಸಿದರೆ ಸಾಕಾ?

ಚಾಮುಂಡಿ ಬೆಟ್ಟದ ತಪ್ಪಲಲ್ಲಿರುವ ನಿಮ್ಮ ಮನೆಗೆ ನೀರು ನುಗ್ಗದಿರಲು ಕಾಲುವೆ ಗೋಡೆ ಎರಡಡಿ ಏರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸುಮ್ನೆ ಏರಿಸಬೇಡಿ ಸಾರ್. ಮೊದಲು ಕೆಳಗಡೆ ರಸ್ತೆ ದಾಟುವ ಮೋರಿ ನೋಡಿ. ಇಳಿಜಾರು ಕಮ್ಮಿ ಇರುವ ಕಡೆ ನೀರಿನ ಮಟ್ಟ ತೀರ್ಮಾನವಾಗುವುದು ಕೆಳಗಿನಿಂದ, ಅಲ್ಲಿ ಬಾಯಿ ಕಿರಿದಾಗಿದ್ದರೆ ನೀರು ಹಿಂದಕ್ಕೆ ಒತ್ತಿ ನಿಮ್ಮ ಬಾಗಿಲ ಹತ್ತಿರವೇ ಏರುತ್ತದೆ. ಆಮೇಲೆ ಹೂಳು, ಕಳೆ. ಕಾಲುವೆಯ ಒರಟುತನ ಹರಿವನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಮ್ಯಾನಿಂಗ್ ಸಂಖ್ಯೆ ನುಣುಪಾದ ಕಾಂಕ್ರೀಟಿಗೆ ಸುಮಾರು 0.015, ಕಳೆ ಬೆಳೆದರೆ 0.03 ದಾಟುತ್ತದೆ. ಅಂದರೆ ಅದೇ ಆಳದಲ್ಲಿ ಅರ್ಧ ನೀರು ಮಾತ್ರ ಹರಿಯುತ್ತದೆ! ಇನ್ನೊಂದು, ಗೋಡೆ ಎತ್ತರವಾದರೆ ನಿಮ್ಮ ಬೀದಿಯ ಮಳೆನೀರು ಕಾಲುವೆಗೆ ಇಳಿಯುವುದು ಹೇಗೆ? ತೂತು ಬಿಟ್ಟರೆ ಪ್ರವಾಹದಲ್ಲಿ ಅಲ್ಲಿಂದಲೇ ವಾಪಸ್ ಬರುತ್ತದೆ ಅಲ್ವಾ? ಆ ತೂತಿಗೆ ಕಾಲುವೆ ಕಡೆಗೆ ಮಾತ್ರ ತೆರೆಯುವ ತಗಡಿನ ಮುಚ್ಚಳ ಹಾಕಿಸಿ, ಕಸ ಸಿಕ್ಕಿಕೊಳ್ಳದಂತೆ ಮಳೆಗಾಲದಲ್ಲಿ ಆಗಾಗ ನೋಡುತ್ತಿರಬೇಕು.