ಮಂಚದ ಕೆಳಗಿನ ಕಿಟ್ ಬ್ಯಾಗ್

ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಜೂನ್ ತಿಂಗಳು, ಮಳೆ ಹಿಡಿದಿತ್ತು. ಅವರ ಚಪ್ಪಲಿಗೆ ಗ್ರೌಂಡಿನ ಎರೆಮಣ್ಣು ಅಂಟಿಕೊಂಡಿತ್ತು. ಬಾಗಿಲಲ್ಲೇ ನಿಂತು ಅದನ್ನ ಪೂರ್ತಿ ಕೆರೆದು ತೆಗೆದು ಒಳಗೆ ಬಂದರು. ಮಾತು ಶುರು ಮಾಡಿದ್ದು ಹೆಂಡತಿ.

"ಒಬ್ಬ ಹುಡುಗನ ಕಪಾಳಕ್ಕ ಹೊಡದಾರ್ರಿ ಮೇಡಂ. ಇವರು ಅಂಥವರಲ್ರಿ."

ಇಬ್ಬರ ಒಪ್ಪಿಗೆ ತಗೊಂಡೇ ಇದನ್ನ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾರೆ. ಅವರನ್ನ ಕೋಚ್ ಅಂತಲೇ ಕರೆಯುತ್ತೇನೆ.

ಕೋಚ್‌ಗೆ ಈಗ 41 ವರ್ಷ. ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. 18ನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಒಂದು ಕಂಪನಿ ತಂಡದಲ್ಲಿ ಸ್ಟೈಪೆಂಡ್ ಮೇಲೆ ಆಡಿದರು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳಲ್ಲಿ ಆಡಿ ನೌಕರಿ ಹಿಡಿದ ಹಿರಿಯರನ್ನ ನೋಡಿಯೇ ಆ ಕಾಲದ ಹುಡುಗರು ಬೆಳೆದಿದ್ದು. ಇವರ ಸರದಿ ಬರೋ ಹೊತ್ತಿಗೆ ಇವರ ಕಂಪನಿಯಲ್ಲಿ ಭರ್ತಿ ನಿಂತಿತ್ತು. ಆಮೇಲೆ ಗೋವಾ, ಮುಂಬೈ, ಮತ್ತೆ ಗೋವಾ. ಒಂದು ಸೀಸನ್, ಒಂದು ಕರಾರು. ರೈಲ್ವೆ ಸ್ಪೋರ್ಟ್ಸ್ ಕೋಟಾಕ್ಕೆ ವಯಸ್ಸಿನ ಮಿತಿ 18ರಿಂದ 25. ಇವರಿಗೆ 25 ತುಂಬಿದಾಗ ಕೈಯಲ್ಲಿ ಕರಾರು ಇತ್ತು, ಅರ್ಜಿ ಹಾಕಲಿಲ್ಲ. 2010ರಲ್ಲಿ ಮಹೀಂದ್ರಾ ಯುನೈಟೆಡ್, ಮರುವರ್ಷ ಜೆಸಿಟಿ ಕ್ಲಬ್ಬುಗಳು ಮುಚ್ಚಿದವು. ಅಲ್ಲಿನ ಆಟಗಾರರೆಲ್ಲ ಬೇರೆ ಕ್ಲಬ್ಬುಗಳ ಬಾಗಿಲಿಗೆ ಬಂದರು. ಇವರಂಥ ರೈಟ್ ಬ್ಯಾಕ್‌ಗಳಿಗೆ, ಅಂದರೆ ಬಲಬದಿ ಕಾಯೋ ಆಟಗಾರರಿಗೆ, ಜಾಗ ಇನ್ನೂ ಕಮ್ಮಿಯಾಯ್ತು. ಆಗ ಕೇರಳದ ಮಲಪ್ಪುರಂ ಕಡೆ ಸೆವೆನ್ಸ್ ಆಡೋಕೆ ಹೋದರು. ಏಳೇಳು ಜನರ ಆಟ, ಚಿಕ್ಕ ಗ್ರೌಂಡು, ಮ್ಯಾಚ್ ಮುಗಿದ ರಾತ್ರಿಯೇ ಕೈಗೆ ದುಡ್ಡು. 29ಕ್ಕೆ ಅಲ್ಲೇ ಮೊಣಕಾಲು ತಿರುಚಿತು. ಆಪರೇಷನ್ ಖರ್ಚಿಗೆ ಹೆಂಡತಿಯ ಬಳೆ ಹೋದವು.

2014ರಲ್ಲಿ ಐಎಸ್‌ಎಲ್ ಅನ್ನೋ ದೊಡ್ಡ ಫುಟ್‌ಬಾಲ್ ಲೀಗ್ ಶುರುವಾದಾಗ ಇವರಿಗೆ 30. ಅಲ್ಲಿಂದ ಕರೆ ಬರಲಿಲ್ಲ. ಇನ್ನೂ ಮೂರು ವರ್ಷ ಅಲ್ಲಿ ಇಲ್ಲಿ ಆಡಿ ಊರಿಗೆ ಬಂದರು. ಕೋಚಿಂಗಿನ ಡಿ ಲೈಸೆನ್ಸ್ ಮಾಡಿಕೊಂಡು ಹುಡುಗರಿಗೆ ಕಲಿಸೋಕೆ ಕೂತರು. ಈಗ 22 ಹುಡುಗರು, ತಿಂಗಳಿಗೆ 500 ರೂಪಾಯಿ ಫೀಸು. ಅರ್ಧ ಜನ ಕೊಡೋದೇ ಇಲ್ಲ. ಮನೆ ನಡೆಯೋದು ಹೆಂಡತಿಯ ಹೊಲಿಗೆ ಮಷಿನ್ ಮೇಲೆ.

ಇಷ್ಟನ್ನ ಅವರು ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ನಾನು ಕೇಳಿದೆ, "ನಿಮ್ಮ ಕೊನೇ ಮ್ಯಾಚ್ ಯಾವುದು?"

ತುಂಬಾ ಹೊತ್ತು ಮಾತಾಡಲಿಲ್ಲ.

"ಅದ ಕೊನೇದು ಅಂತ ಆವತ್ತ ಯಾರ್ ಹೇಳಿದ್ರಿ ಮೇಡಂ? ಮುಂದಿನ ಸೀಸನ್‌ಗೆ ಫೋನ್ ಮಾಡ್ತೀವಿ ಅಂದಿದ್ರು."

ಆಗ ಹೆಂಡತಿ ಬ್ಯಾಗಿನ ವಿಷಯ ಹೇಳಿದರು. ಮಂಚದ ಕೆಳಗೆ ಒಂದು ಕಿಟ್ ಬ್ಯಾಗ್. ಅದರಲ್ಲಿ ಆಟದ ಬೂಟು ಸ್ಟಡ್ಸ್, ಶಿನ್ ಪ್ಯಾಡ್, ಮೊಣಕಾಲಿನ ಪಟ್ಟಿ, ಎರಡು ಜೊತೆ ಸಾಕ್ಸ್. ಸ್ಟಡ್ಸ್ ಆಕಾರ ಕೆಡಬಾರದು ಅಂತ ಒಳಗೆ ಪೇಪರ್ ತುರುಕಿಟ್ಟಿದ್ದಾರೆ. ತಿಂಗಳಿಗೊಮ್ಮೆ ಹಳೇ ಪೇಪರ್ ತೆಗೆದು ಹೊಸದು ತುಂಬುತ್ತಾರೆ, ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಎಂಟು ವರ್ಷದಿಂದ. ಕಸ ಹೊಡೆಯುವಾಗ ಬ್ಯಾಗ್ ಸರಿಸಿದರೂ ಸಿಟ್ಟು.

ನನಗೆ ಹಿಡಿತ ಸಿಕ್ಕಿದ್ದು ಅಲ್ಲಿ. ಇವರು ನನ್ನ ಮುಂದೆ ಕೋಚ್ ಆಗಿ ಕೂತಿದ್ದರು, ಆದರೆ ಇನ್ನೂ ಕರೆಗಾಗಿ ಕಾಯುತ್ತಿರೋ ಆಟಗಾರ. ಸಾವಾದ ಮನೆಯಲ್ಲಿ ಹನ್ನೊಂದನೇ ದಿನ ಅಂತ ಒಂದಿರುತ್ತೆ, ನೌಕರಿಗೆ ನಿವೃತ್ತಿಯ ಹಾರ ಇರುತ್ತೆ. ಇವರ ಆಟಕ್ಕೆ ಅಂಥದ್ದೇನೂ ಆಗಲಿಲ್ಲ, ಫೋನ್ ಸುಮ್ನೆ ನಿಂತುಹೋಯ್ತು. ರಾಜ್ಯ ತಂಡಗಳು ಆಡೋ ಸಂತೋಷ್ ಟ್ರೋಫಿಯ ಕ್ಯಾಂಪಿಗೆ ಎರಡು ಸಲ ಹೋಗಿ, ಎರಡು ಸಲವೂ ಅಂತಿಮ ಪಟ್ಟಿಯಲ್ಲಿ ಹೆಸರಿಲ್ಲದೆ ಬಂದವರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಆ ಕಪ್ ಗೆದ್ದಿತಲ್ಲ, ಆ ರಾತ್ರಿ ಓಣಿಯ ಹುಡುಗರ ಜೊತೆ ಕುಣಿದು ಮನೆಗೆ ಬಂದು ಬಚ್ಚಲಲ್ಲಿ ಅತ್ತರಂತೆ. ನಿದ್ದೆ ಕೆಡೋಕೆ ಶುರುವಾಗಿದ್ದು ಆವಾಗಿನಿಂದ. ಈಗ ದಿನಾ ಮೂರು ಗಂಟೆಗೆ ಎಚ್ಚರ. ಊಟ ಬೇಡ, ಯಾರ ಮಾತೂ ಬೇಡ.

ಹೊಡೆತ ತಿಂದವನು 14ರ ಹುಡುಗ. ರೈಟ್ ಬ್ಯಾಕ್. ಒಳ್ಳೇ ಆಟಗಾರ, ಆದರೆ ಅವತ್ತು ಪ್ರಾಕ್ಟೀಸ್ ಮಧ್ಯೆ ನಗುತ್ತಾ ನಿಂತಿದ್ದ.

ಮೊದಲು ಈ ವಿಷಯ ಇತ್ಯರ್ಥ ಮಾಡಿದೆ. ನಿಮ್ಮ ನೋವು ನನಗೆ ಅರ್ಥವಾಗುತ್ತೆ, ಹಾಗಂತ ಹೊಡೆದಿದ್ದು ಸರಿಯಾಗಲ್ಲ ಅಂತ ನೇರವಾಗಿ ಹೇಳಿದೆ. ನಮ್ಮ ಸುಪರ್ದಿನಲ್ಲಿರೋ ಮಗುವಿನ ಮೇಲೆ ಕೈ ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆ ಇದೆ ಅನ್ನೋದನ್ನೂ ತಿಳಿಸಿದೆ. ಹುಡುಗನ ಮನೆಗೆ ಹೋಗಿ. ಅಪ್ಪ ಅಮ್ಮನ ಎದುರು ಹುಡುಗನಿಗೇ ತಪ್ಪಾಯ್ತು ಅನ್ನಿ. "ನಿನ್ನ ಒಳ್ಳೇದಕ್ಕೇ ಹೊಡೆದೆ" ಅನ್ನೋ ಮಾತು ಬಾಯಿಂದ ಬರಬಾರದು. ಗ್ರೌಂಡಿನಲ್ಲಿ ಎದೆ ಬಿಸಿಯಾಗೋದು ನಿಮಗೆ ಮೊದಲೇ ಗೊತ್ತಾಗುತ್ತೆ. ಆಗ ಸೀಟಿ ಊದಿ, ಹುಡುಗರಿಗೆ ನೀರು ಕುಡಿಯೋಕೆ ಬಿಟ್ಟು, ನೀವು ಒಂದು ಸುತ್ತು ನಡೆದು ಬನ್ನಿ.

ನಿದ್ದೆ, ಊಟ ಇಷ್ಟು ದಿನ ಕೆಟ್ಟಿರುವಾಗ ಬರೀ ಮಾತು ಸಾಲೋದಿಲ್ಲ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟೆ. ಅಲ್ಲಿನ ವೈದ್ಯರು ಖಿನ್ನತೆ ಅಂತ ಗುರುತಿಸಿ ಮಾತ್ರೆ ಶುರು ಮಾಡಿದರು. ರಾತ್ರಿ ತಡೆಯೋಕೇ ಆಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂತ ನಂಬರನ್ನ ಹೆಂಡತಿಯ ಫೋನಿನಲ್ಲೂ ಹಾಕಿಸಿದೆ.

ಬ್ಯಾಗನ್ನ ತೆಗೆದುಹಾಕಿ ಅಂತ ನಾನು ಹೇಳಲಿಲ್ಲ. ಒಂದು 100 ಪುಟದ ನೋಟ್‌ಬುಕ್ ತಗೊಳ್ಳಿ, ಆಡಿದ ಒಂದೊಂದು ತಂಡಕ್ಕೆ ಒಂದೊಂದು ಪುಟ ಕೊಡಿ ಅಂದೆ. ಅಲ್ಲಿಗೆ ಯಾವತ್ತು ಹೋದಿರಿ, ಯಾವತ್ತು ಬಂದಿರಿ, ಏನು ಕಲಿತಿರಿ, ಯಾರ ಮೇಲೆ ಸಿಟ್ಟಿದೆ. ಕೊನೇ ಪುಟದಲ್ಲಿ ಕೊನೇ ಮ್ಯಾಚು, ತಾರೀಖು ಸಮೇತ. ಒಂಬತ್ತು ತಂಡ ಬರೆಯೋಕೆ ಐದು ವಾರ ಬೇಕಾಯ್ತು. ಕೊನೇ ಪುಟವನ್ನ ನನ್ನೆದುರೇ ಬರೆದರು. ಬರೆಯುವಾಗ ಕೈ ನಡುಗುತ್ತಿತ್ತು. ಸೆವೆನ್ಸ್ ಪುಟದಲ್ಲಿ ಹೀಗಿತ್ತು: "ಜಾಗಾ ಇರೂದಿಲ್ಲ. ಬಾಲ್ ಬರೂಕಿಂತ ಮೊದಲ ತಿರುಗಿ ನೋಡಬೇಕು." ಇದನ್ನ ನಿಮ್ಮ ಹುಡುಗರಿಗೆ ಹೇಗೆ ಕಲಿಸ್ತೀರಿ ಅಂದಾಗ ಕುರ್ಚಿ ಬಿಟ್ಟೆದ್ದು ಆಡಿ ತೋರಿಸಿದರು. ಗೋವಾದ ಪುಟದಲ್ಲಿ ಒಂದು ಇಡೀ ಸೀಸನ್ ಬೆಂಚ್ ಮೇಲೆ ಕೂತ ಕಥೆ. ಅಲ್ಲಿನ ತಂಡದ ಕೋಚ್ ಒಂದು ಸಲವೂ ಇವರನ್ನ ಹೆಸರು ಹಿಡಿದು ಕರೆದಿರಲಿಲ್ಲವಂತೆ.

ಹೆಂಡತಿಯ ಜೊತೆ ಒಂದು ದಿನ ಬೇರೆಯೇ ಕೂತೆ. ಇಂಥ ಮನೆಗಳಲ್ಲಿ ಎಲ್ಲರ ಕಣ್ಣೂ ಆಟ ಬಿಟ್ಟವನ ಮೇಲೇ ಇರುತ್ತೆ. "ಊರೂರು ತಿರುಗುವಾಗ ಫೋನ್‌ನ್ಯಾಗ ಸಂಸಾರ ಮಾಡೀನ್ರಿ. ಈಗ ಮನ್ಯಾಗ ಇದ್ದರೂ ಬೀಗರಂಗ ಇರ್ತಾರ" ಅಂದರು. ಅವರು ಬಳೆಯ ಮಾತು ಎತ್ತಲೇ ಇಲ್ಲ. ನಾನೇ ಎತ್ತಿದೆ, ಕಣ್ಣೀರು ಬಂತು. ಮುಂದಿನ ಸಲ ಇಬ್ಬರನ್ನೂ ಕೂರಿಸಿ ಆ ಮಾತು ಆಡಿಸಿದೆ. ಫೀಸಿನ ವಹಿ ಇನ್ನು ಹೆಂಡತಿಯ ಕೈಯಲ್ಲಿ ಅಂತಾಯ್ತು. ಶಾಲೆಯಲ್ಲಿ ಪಿಟಿ ಮಾಸ್ತರ್ ಆಗೋಕೆ ಬಿಪಿಎಡ್‌ನಂಥ ದೈಹಿಕ ಶಿಕ್ಷಣದ ಕೋರ್ಸ್ ಬೇಕು, ಇವರು ಓದಿದ್ದು ಪಿಯುಸಿ. ಹಾಗಾಗಿ ಸಂಜೆ ಹೊತ್ತು ಶಾಲೆಗಳಿಗೆ ಗಂಟೆ ಲೆಕ್ಕದಲ್ಲಿ ಕಲಿಸೋ ಕೆಲಸ ಕೇಳಿ, ಏನೇ ಒಪ್ಪಿದರೂ ಕಾಗದದ ಮೇಲೆ ಬರೆಸಿಕೊಳ್ಳಿ, ಮುಂದಿನ ಹಂತದ ಸಿ ಲೈಸೆನ್ಸಿಗೆ ತಿಂಗಳಿಗಿಷ್ಟು ಅಂತ ಬೇರೆ ಎತ್ತಿಡಿ ಅಂದೆ.

ಸೆಪ್ಟೆಂಬರ್‌ನಲ್ಲಿ ಬಂದಾಗ ನಿದ್ದೆ ಬೆಳಗಿನ ಐದು ಗಂಟೆವರೆಗೆ ಹೋಗಿತ್ತು. ಒಂದು ಶಾಲೆ ವಾರಕ್ಕೆ ಮೂರು ದಿನ ಕರೆದಿದೆ. ಹೊಡೆತ ತಿಂದ ಹುಡುಗ ವಾಪಸ್ ಬಂದಿಲ್ಲ. ತಪ್ಪಾಯ್ತು ಅನ್ನೋಕೆ ಕೋಚ್ ಹೋದಾಗ ಅವನ ಅಪ್ಪ ಚಹಾ ಕೊಟ್ಟು ಕಳಿಸಿದರು, ಹುಡುಗ ತಲೆ ಎತ್ತಲಿಲ್ಲ. ಇನ್ನೊಮ್ಮೆ ಹೋಗಲಾ ಅಂತ ಕೇಳಿದರು. ಬೇಡ, ಬರೋದು ಬಿಡೋದು ಅವನಿಷ್ಟ ಅಂದೆ. ಅದನ್ನ ಒಪ್ಪಿಕೊಳ್ಳೋದು ಅವರಿಗೆ ಕಷ್ಟವಾಯ್ತು.

ಹೊರಡುವಾಗ ಹೆಂಡತಿ ಹಿಂದೆ ಉಳಿದು ಮೆಲ್ಲಗೆ ಹೇಳಿದರು, "ಈ ತಿಂಗಳು ಪೇಪರ್ ಬದಲು ಮಾಡಿಲ್ರಿ. ಮರತಾರೋ ಏನೋ. ಕೇಳ್ಲೇನ್ರಿ?"

ಸದ್ಯಕ್ಕೆ ಕೇಳಬೇಡಿ ಅಂದೆ. ಮುಂದಿನ ಭೇಟಿ ದಸರಾ ರಜೆ ಮುಗಿದ ಮೇಲೆ.