ಒಂದೇ ಫೋಟೋದಿಂದ ಬೀಡುಕಬ್ಬಿಣದ ಒಳರಚನೆ ಕಟ್ಟಬಹುದೇ?

ಪ್ರಶ್ನೆ: ಮಂಡ್ಯದಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ನಮ್ಮೂರ ಆಲೆಮನೆಯ ಗಾಣದ ರೋಲರ್ ಬಿರುಕು ಬಿಟ್ಟಿತ್ತು. ಅದರ ಒಂದು ಚೂರು ಕತ್ತರಿಸಿ, ಪಾಲಿಶ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದಿದ್ದೇನೆ. ಅದು ಗ್ರೇ ಕಾಸ್ಟ್ ಐರನ್, ಅಂದರೆ ಬೂದು ಬೀಡುಕಬ್ಬಿಣ. ಈ ಒಂದು ಫೋಟೋದಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ರಚನೆ ಕಟ್ಟಿ, ಬಿರುಕು ಹೇಗೆ ಹರಿಯಿತು ಎಂದು ಲೆಕ್ಕ ಹಾಕಬಹುದೇ? ಸಿ.ಟಿ. ಸ್ಕ್ಯಾನ್ ಮಾಡಿಸುವಷ್ಟು ಹಣವಿಲ್ಲ.

ಉತ್ತರ: ರಚನೆ ಕಟ್ಟಬಹುದು. ಆದರೆ ಬಿರುಕಿನ ಲೆಕ್ಕಕ್ಕೆ ಆ ಒಂದು ಫೋಟೋ ಸಾಲದು. ಅದರಲ್ಲೂ ನೀವು ಹಿಡಿದಿರುವುದು ಬೀಡು (ಬೀಡುಕಬ್ಬಿಣ). ಇಲ್ಲಿ ಫೋಟೋ ತೋರಿಸುವುದೇ ಒಂದು, ಒಳಗಿರುವುದೇ ಇನ್ನೊಂದು.

ಫೋಟೋದಲ್ಲಿ ಗ್ರಾಫೈಟ್, ಅಂದರೆ ಬೀಡಿನೊಳಗಿನ ಇಂಗಾಲ, ಬಿಡಿ ಬಿಡಿ ಕಪ್ಪು ಗೆರೆಗಳಾಗಿ ಕಾಣುತ್ತದೆ, ಅಲ್ವಾ? ನಿಜದಲ್ಲಿ ಅವು ಬಿಡಿ ಅಲ್ಲ. ಕರಗಿದ ಬೀಡು ಗಟ್ಟಿಯಾಗುವಾಗ ಗ್ರಾಫೈಟ್ ಒಂದು ಕಡೆ ಹುಟ್ಟಿ, ಎಲೆಕೋಸಿನ ಎಲೆಗಳಂತೆ ಸುತ್ತಲೂ ಹರಡುತ್ತದೆ. ಒಂದು ಗುಂಪಿನ ಹಾಳೆಗಳೆಲ್ಲ ಒಳಗೆ ಕೂಡಿಕೊಂಡಿರುತ್ತವೆ. ಅಡ್ಡ ಕೊಯ್ದಾಗ ನಮಗೆ ಅಂಚುಗಳಷ್ಟೇ ಸಿಗುತ್ತವೆ. ಬಿರುಕು ದಾರಿ ಹುಡುಕುವುದು ಈ ಹಾಳೆಗಳ ಗುಂಟವೇ. ಹಾಗಾಗಿ ನಿಮಗೆ ಬೇಕಾದ ಮುಖ್ಯ ಸಂಗತಿ, ಅಂದರೆ ಯಾವುದು ಯಾವುದಕ್ಕೆ ಕೂಡಿದೆ ಎಂಬುದು, ಫೋಟೋದಲ್ಲಿ ಇಲ್ಲವೇ ಇಲ್ಲ.

ಇರುವುದೂ ಕಡಿಮೆಯೇನಲ್ಲ. ಅಡ್ಡಾದಿಡ್ಡಿ ಆಯ್ದ ಕೊಯ್ತದಲ್ಲಿ ಗ್ರಾಫೈಟ್ ಎಷ್ಟು ಪಾಲು ಜಾಗ ತುಂಬಿದೆಯೋ, ಸರಾಸರಿಯಲ್ಲಿ ಚೂರಿನ ಒಟ್ಟು ಗಾತ್ರದಲ್ಲೂ ಅಷ್ಟೇ ಪಾಲು. ಫ್ರಾನ್ಸಿನ ಭೂವಿಜ್ಞಾನಿ ದೆಲೆಸ್ 1847ರಲ್ಲೇ ಇದನ್ನು ತೋರಿಸಿದ್ದರು. ಒಂದು ಎಚ್ಚರಿಕೆ: ಪಾಲಿಶ್ ಮಾಡುವಾಗ ಗ್ರಾಫೈಟ್ ಕಿತ್ತು ಬಂದು ಗುಳಿ ಅಗಲವಾದರೆ ಈ ಲೆಕ್ಕವೇ ಕೆಡುತ್ತದೆ.

ಇನ್ನು ಕಂಪ್ಯೂಟರಿನ ವಿಧಾನ. ಫೋಟೋದ ಮೇಲೆ ಇಂತಿಷ್ಟು ದೂರದಲ್ಲಿ ಎರಡು ಚುಕ್ಕಿ ಇಟ್ಟರೆ, ಎರಡೂ ಗ್ರಾಫೈಟಿನ ಮೇಲೆ ಬೀಳುವ ಸಾಧ್ಯತೆ ಎಷ್ಟು ಎಂದು ಬೇರೆ ಬೇರೆ ದೂರಕ್ಕೆ ಅಳೆಯುತ್ತಾರೆ. ಆಮೇಲೆ ಸುಮ್ನೆ ಚೆಲ್ಲಿದ ಕಪ್ಪು ಬಿಳಿ ಘನಗಳನ್ನು ಅದಲು ಬದಲು ಮಾಡುತ್ತಾ, ಅದೇ ಅಳತೆ ಬರುವವರೆಗೆ ಕಂಪ್ಯೂಟರ್ ತಿದ್ದುತ್ತದೆ. 1998ರಲ್ಲಿ ಯಾಂಗ್ ಮತ್ತು ಟೋರ್ಕ್ವಾಟೊ ಎಂಬ ಸಂಶೋಧಕರು ಈ ದಾರಿ ತೋರಿಸಿದರು. 2021ರಲ್ಲಿ ಬಂದ ಸ್ಲೈಸ್‌ಗ್ಯಾನ್ ಎಂಬ ಇನ್ನೊಂದು ವಿಧಾನ, ಚಿತ್ರ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬಳಸುತ್ತದೆ. ಅದಕ್ಕೆ ಒಂದೇ ಫೋಟೋ ಸಾಕು, ಆದರೆ ಎಲ್ಲ ದಿಕ್ಕಿಗೂ ರಚನೆ ಒಂದೇ ತರಹ ಇದ್ದರೆ ಮಾತ್ರ. ಇಲ್ಲದಿದ್ದರೆ ಬೇರೆ ಬೇರೆ ದಿಕ್ಕಿನ ಮುಖಗಳ ಫೋಟೋ ಬೇಕು. ಎರಡರಿಂದಲೂ ಸಿಗುವುದು ನಿಮ್ಮ ಚೂರಿನ ಪ್ರತಿ ಅಲ್ಲ, ಅದನ್ನು ಹೋಲುವ ಇನ್ನೊಂದು. ಎರಡು ಚುಕ್ಕಿಯ ಅಳತೆ ಕೂಡಿದರೂ ಹಾಳೆಗಳ ಕೂಡಿಕೆ ತಪ್ಪಿರಬಹುದು.

ಹಣವಿಲ್ಲ ಎಂದಿರಿ. ಕಾಲೇಜಿನ ಲ್ಯಾಬಿನಲ್ಲೇ ಒಂದು ದಾರಿಯಿದೆ. ಅದಕ್ಕೆ ಹಣಕ್ಕಿಂತ ತಾಳ್ಮೆ ಜಾಸ್ತಿ ಬೇಕು. ಚೂರನ್ನು ಸ್ವಲ್ಪ ಸ್ವಲ್ಪವೇ ಸವೆಸಿ, ಪ್ರತಿ ಸಲ ಅದೇ ಜಾಗದ ಫೋಟೋ ತೆಗೆಯಿರಿ. ಎಷ್ಟು ಸವೆಯಿತು ಎಂದು ತಿಳಿಯುವುದು ಹೇಗೆ? ಫೋಟೋ ತೆಗೆಯುವ ಜಾಗದ ನಾಲ್ಕು ಮೂಲೆಗೂ, ಗ್ರಾಫೈಟಿನಿಂದ ದೂರವಾಗಿ, ವಿಕರ್ಸ್ ಗಡಸುತನ ಯಂತ್ರದಿಂದ (ಅದರ ವಜ್ರದ ಮೊನೆ ಚೌಕದ ಗುಳಿ ಮೂಡಿಸುತ್ತದೆ) ಅಚ್ಚು ಒತ್ತಿ. ಆ ಗುಳಿಯ ಆಳ ಅದರ ಕರ್ಣದ ಸುಮಾರು ಏಳನೇ ಒಂದು ಭಾಗ. ಪಾಲಿಶ್ ಆದ ಮೇಲೆ ಕರ್ಣ 100 ಮೈಕ್ರಾನ್‌ನಿಂದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) 86ಕ್ಕೆ ಇಳಿದರೆ 2 ಮೈಕ್ರಾನ್ ಸವೆದಿದೆ ಎಂದರ್ಥ. ಫೋಟೋಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಲೂ ಈ ಗುಳಿಗಳೇ ಗುರುತು. ಗುಳಿ ಅಳಿಸಿಹೋಗುವ ಮೊದಲು ಹೊಸದನ್ನು ಒತ್ತುವುದನ್ನು ಮರೆಯಬೇಡಿ. ಗ್ರಾಫೈಟ್ ಹಾಳೆ ತುಂಬ ತೆಳು, ಪ್ರತಿ ಪದರ ಅದಕ್ಕಿಂತಲೂ ತೆಳುವಾಗಿರಲಿ.

ಚೂರನ್ನು ರೋಲರಿನ ಯಾವ ಆಳದಿಂದ ತೆಗೆದಿರಿ ಎಂದು ಬರೆದಿಟ್ಟಿದ್ದೀರಾ? ಹೊರಮೈ ಬೇಗ ತಣಿಯುವುದರಿಂದ ಅಲ್ಲಿ ಗ್ರಾಫೈಟ್ ಸಣ್ಣದು, ಒಳಗೆ ದಪ್ಪ. ಎರಡಕ್ಕೂ ಒಂದೇ ಮಾದರಿ ಸಲ್ಲದು.

ಪದರ ಪದರವಾಗಿ ತೆಗೆದ ಚಿಕ್ಕ ಗಾತ್ರದಲ್ಲಿ ಎಷ್ಟು ಗ್ರಾಫೈಟ್ ಒಂದಕ್ಕೊಂದು ಕೂಡಿದೆ ಎಂದು ಎಣಿಸಿ. ಅದೇ ಗಾತ್ರದ ಕಂಪ್ಯೂಟರ್ ರಚನೆಯಲ್ಲೂ ಎಣಿಸಿ. ಎರಡೂ ಹತ್ತಿರ ಬಂದರೆ ಬಿರುಕಿನ ಲೆಕ್ಕಕ್ಕೆ ಕೈ ಹಾಕಿ. ಬರದಿದ್ದರೆ ಆ ಪದರಗಳ ಮೇಲೆಯೇ ಲೆಕ್ಕ ಮಾಡಿ. ಗಾತ್ರ ಚಿಕ್ಕದಾದರೂ ಅದು ನಿಮ್ಮ ರೋಲರಿನದೇ.